ಹೊಳೆ ದಾಟದ ಒರಳುಕಲ್ಲು

ನಮ್ಮೂರಿನಲ್ಲಿ ಬೆಂಕಿ ಬಿದ್ದಾಗ ಯಾರಾದರೂ ಕೊಡ ಹಿಡಿದುಕೊಂಡು ಬಾವಿಯ ಕಡೆ ಓಡಿದರೆ ಅವರು ಊರಿಗೆ ಹೊಸಬರು ಎಂದು ನಮಗೆ ತಿಳಿಯುತ್ತದೆ. ಹಳಬರು ಮೊದಲು ಬಾಯಿ ಮುಚ್ಚುತ್ತಾರೆ. ಅಯ್ಯೋ ಎನ್ನುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ, ಇದು ಯಾರ ಕೆಲಸ ಎಂದು ಕೇಳುವುದಂತೂ ಇಲ್ಲವೇ ಇಲ್ಲ. ನಮ್ಮೂರಿನ ಬೆಂಕಿಗೆ ಕಿವಿಯಿದೆ. ಕೇಳುವಂಥ ಮಾತಿದ್ದರೆ ಎದ್ದು ನಿಂತು ಕೇಳುತ್ತದೆ, ಇಲ್ಲದಿದ್ದರೆ ಬೇಸರಪಟ್ಟು ಮಲಗಿಬಿಡುತ್ತದೆ. ನೀರು ಸುರಿದರೆ ಗಂಟಲು ತೊಳೆದುಕೊಂಡವರ ಹಾಗೆ ಒಮ್ಮೆ ಗೊರಗೊರ ಎಂದು ಮತ್ತೆ ಮೊದಲಿನಂತೆಯೇ ಉರಿಯುತ್ತದೆ.

ಇದರಿಂದ ನಮಗೇನೂ ದೊಡ್ಡ ತೊಂದರೆಯಿಲ್ಲ. ಒಲೆ ಹೊತ್ತದಿದ್ದರೆ ನಮ್ಮ ಹೆಂಗಸರು ಊದುಕೊಳವೆ ಹುಡುಕುವುದಿಲ್ಲ, ಪಕ್ಕದ ಮನೆಯ ಸುದ್ದಿ ತೆಗೆಯುತ್ತಾರೆ. ಅನ್ನಕ್ಕೆ ಒಂದು ಸಾಧಾರಣ ಜಗಳ ಸಾಕು. ತೊಗರಿಬೇಳೆ ಬೇಯಬೇಕಾದರೆ ಯಾರದಾದರೂ ನಿಶ್ಚಿತಾರ್ಥ ಮುರಿದಿರಬೇಕು. ಮದುವೆ ಅಡುಗೆಗೆ ಬರುವ ಭಟ್ಟರು ಸೌಟು ಜಾಲರಿಗಳ ಜೊತೆಗೆ ಒಬ್ಬರನ್ನೊಬ್ಬರು ಕಂಡರಾಗದ ಅತ್ತಿಗೆ ನಾದಿನಿಯರನ್ನೂ ಕರೆದುಕೊಂಡೇ ಬರುತ್ತಾರೆ. ಒಳ್ಳೆಯ ಜನರ ಮನೆಯಲ್ಲಿ ಊಟ ಯಾವಾಗಲೂ ಅರೆಬೆಂದಿರುತ್ತದೆ. ಹಾಗಾಗಿ ನಾವು ಅವರನ್ನು ಬಾಯಿ ತುಂಬ ಹೊಗಳುತ್ತೇವೆ, ಅವರ ಮನೆಗೆ ಊಟಕ್ಕೆ ಮಾತ್ರ ಹೋಗುವುದಿಲ್ಲ.

ಕೈಮೀರಿದ ಬೆಂಕಿಯ ಮಾತು ಬೇರೆ. ಅದಕ್ಕೆಂದೇ ನಮ್ಮ ಸ್ವಯಂಸೇವಕ ಅಗ್ನಿಶಾಮಕ ದಳ ಇರುವುದು. ಅದು ಹುಟ್ಟಿದ್ದು ನಮ್ಮ ಅಜ್ಜಂದಿರ ಕಾಲದಲ್ಲಿ, ಹುಣಸೆಹಣ್ಣಿನ ಮಂಡಿ ಹತ್ತಿಕೊಂಡ ದಿನ. ಊರಿಗೆ ಊರೇ ಗೋಳಾಡುತ್ತಿತ್ತು, ಬೆಂಕಿ ಆ ಗೋಳನ್ನು ಕೇಳುತ್ತ ಕೇಳುತ್ತ ಮುಗಿಲಿಗೆ ಏರುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಅನಂತರಾಮಯ್ಯ ಎನ್ನುವ ಶಾನುಭೋಗರು ಮಂಡಿಯ ಯಜಮಾನನನ್ನು ರಟ್ಟೆ ಹಿಡಿದು ನಿಲ್ಲಿಸಿಕೊಂಡು ತಮ್ಮ ಹೊಲದ ಪೂರ್ವ ದಿಕ್ಕಿನ ಬದು ಯಾಕೆ ಸೊಟ್ಟಗಿದೆ ಎಂಬುದನ್ನು ವಿವರಿಸುತ್ತಿದ್ದರು. ಬೆಂಕಿ ಬಿದ್ದಿದೆ ಸ್ವಾಮಿ ಎಂದು ಅವನು ಕೈ ಮುಗಿದರೂ ಬಿಡಲಿಲ್ಲ. ನೋಡುನೋಡುತ್ತಿದ್ದಂತೆ ಶಾನುಭೋಗರ ಪಕ್ಕದ ಗೋಡೆಯ ಬೆಂಕಿ ತೂಕಡಿಸಿತು. ಜನ ಅವರನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಮಂಡಿಯ ಸುತ್ತ ಮೆರವಣಿಗೆ ಮಾಡಿದರು. ಅವರ ವಿವರಣೆ ಉತ್ತರದ ಬದುವಿಗೆ ಬರುವ ಹೊತ್ತಿಗೆ ಬೂದಿಯಲ್ಲಿ ಒಂದು ಕಿಡಿಯೂ ಉಳಿದಿರಲಿಲ್ಲ.

ಅಂದಿನಿಂದ ದಳಕ್ಕೆ ಒಂದು ಹುಲ್ಲು ಚಾವಣಿಯ ಕಚೇರಿ, ಒಂದು ಬೋರ್ಡು, ಒಂದು ಗಂಟೆ, ಒಂದು ಸ್ಟೂಲು, ಮಾತಾಡುವವರ ಗಂಟಲು ಒಣಗಬಾರದೆಂದು ಒಂದು ಹಿತ್ತಾಳೆ ಚೊಂಬು. ಸದಸ್ಯರನ್ನು ಆರಿಸುವುದಕ್ಕೂ ಒಂದು ಪದ್ಧತಿಯಿದೆ. ಮದುವೆ ಮನೆಗಳಲ್ಲಿ ಯಾರು ಕೂತ ಕಡೆ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾಗುತ್ತವೆ ಎಂದು ಹಿರಿಯರು ಗಮನಿಸುತ್ತಾರೆ. ಆಮೇಲೆ ಅವರ ಮನೆಗೆ ಹೋಗಿ ಎಲೆ ಅಡಿಕೆ ಕೊಟ್ಟು, ನಿಮ್ಮ ಮಾತಿಗೆ ತೂಕವಿದೆ, ನಮ್ಮ ದಳಕ್ಕೆ ಬರಬೇಕು ಎಂದು ಕರೆಯುತ್ತಾರೆ. ಕೊರೆತ ಎಂಬ ಪದವನ್ನು ದಳದವರ ಎದುರು ಯಾರೂ ಆಡಬಾರದು. ಇದು ಎಲ್ಲೂ ಬರೆದಿಟ್ಟಿಲ್ಲ, ಆದರೆ ಯಾರೂ ಮೀರಿಲ್ಲ.

ಅದರಿಂದಾಗಿ ದಳದಲ್ಲಿ ಪ್ರತಿಯೊಬ್ಬರಿಗೂ ಉಳಿದವರು ಯಾಕಿದ್ದಾರೆ ಎಂದು ಗೊತ್ತು, ತಾನು ಮಾತ್ರ ಬೇರೆ ಕಾರಣಕ್ಕೆ ಬಂದವನು ಎಂದೂ ಗೊತ್ತು. ಮಂಡಿನೋವಿನ ಸುಬ್ಬಕ್ಕ ತನ್ನ ತಾಳ್ಮೆಗಾಗಿ ತನ್ನನ್ನು ಸೇರಿಸಿಕೊಂಡಿದ್ದಾರೆ ಎಂದುಕೊಂಡಿದ್ದಾಳೆ. ತಮಗೆ ಬಿದ್ದ ಕನಸುಗಳನ್ನು ಹೇಳುವ ಇಮಾಮ್ ಸಾಬರು ತಮ್ಮ ಧೈರ್ಯಕ್ಕಾಗಿ ಎಂದುಕೊಂಡಿದ್ದಾರೆ. ನಾನು ನಿಜವಾಗಿಯೂ ಬೇರೆ ಕಾರಣಕ್ಕೆ ಬಂದವನು, ನನ್ನ ದನಿ ದೊಡ್ಡದು. ಸೈಕಲ್ ಚೈನುಗಳ ಬಗ್ಗೆ ನಾನು ನಾಲ್ಕು ಮಾತಾಡುತ್ತಿದ್ದರೆ ಬೀದಿಯ ತುದಿಯವರೆಗೂ ಕೇಳಿಸುತ್ತದೆ, ಜನ ಅಲ್ಲಿಂದಲೇ ದಾರಿ ಬಿಡುತ್ತಾರೆ.

ನಮ್ಮ ನಾಯಕರು ಮರಿಗಂಗಯ್ಯನವರು. ಅವರ ಬಳಿ ಇದ್ದದ್ದು ಒಂದೇ ಕಥೆ. ಹರೆಯದಲ್ಲಿ ಹೊಳೆಯಾಚೆಯ ಕಲ್ಲುಕುಟಿಗರ ಹಟ್ಟಿಗೆ ಹೋಗಿ ಮನೆಗೊಂದು ಒರಳುಕಲ್ಲು ತಂದ ಕಥೆ. ಬೆಂಕಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಚೊಂಬಿನಿಂದ ಒಂದು ಗುಟುಕು ಕುಡಿದು, ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಶುರು ಮಾಡುತ್ತಿದ್ದರು: "ಅವತ್ತು ಗಾಡಿ ಕಟ್ದಾಗ ಎಡಗಡೆ ಕಟ್ಬೇಕಾದ ಎತ್ತು ಬಲಗಡೆ ಇತ್ತು. ಬಲಗಡೇದು ಎಡಗಡೆ ಇತ್ತು. ಬಿಚ್ಚಿ ಅದನ್ನ ಈ ಕಡೆ ಕಟ್ದೆ. ಇದನ್ನ ಆ ಕಡೆ ಕಟ್ದೆ." ಹುಲ್ಲಿನ ಬಣವೆಯಷ್ಟಾದರೆ ಅಲ್ಲಿಗೇ ಆರುತ್ತಿತ್ತು. ಮನೆಯಾದರೆ ಕಲ್ಲುಕುಟಿಗರ ಹಟ್ಟಿಯವರೆಗೂ ಹೋಗಬೇಕು. "ಮೂರು ಒರಳು ತೋರಿಸಿದ್ರು. ಮೊದಲ್ನೇದು ಚೆನ್ನಾಗಿತ್ತು. ಎರಡ್ನೇದೂ ಚೆನ್ನಾಗಿತ್ತು. ಆದ್ರೆ ಮೊದಲ್ನೇದರಷ್ಟಿಲ್ಲ." ಎಂಥ ಹಟಮಾರಿ ಬೆಂಕಿಯೂ ಕಲ್ಲು ಗಾಡಿಗೇರಿ ಹೊಳೆ ದಂಡೆಗೆ ಬರುವವರೆಗೆ ತಡೆದುಕೊಂಡದ್ದಿಲ್ಲ.

ಮರಿಗಂಗಯ್ಯನವರಿಗೆ ಇದ್ದ ದುಃಖವೂ ಇದೊಂದೇ. ಬೆಂಕಿ ಆರಿದ ತಕ್ಷಣ ಜನ ಚಡ್ಡಿ ಪಂಚೆ ಕೊಡವಿಕೊಂಡು ಎದ್ದುಬಿಡುತ್ತಿದ್ದರು. ಅವರ ಗಾಡಿ ಹೊಳೆ ದಂಡೆಯಲ್ಲೇ ನಿಂತುಬಿಡುತ್ತಿತ್ತು. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅವರು ಕಥೆಯನ್ನು ಕೊನೆ ಮುಟ್ಟಿಸಿರಲಿಲ್ಲ. ಬೇರೆ ಹೊತ್ತಿನಲ್ಲಿ ಹೇಳೋಣವೆಂದರೆ ಯಾರಿಗೂ ಪುರುಸೊತ್ತಿಲ್ಲ. "ಒಂದೇ ಒಂದ್ಸಲ ಕಣಯ್ಯಾ, ಆ ಕಲ್ಲು ಮನೆ ಸೇರೋವರ್ಗೂ ಯಾರಾದ್ರೂ ಕೂತ್ಕೊಂಡು ಕೇಳ್ಬೇಕು, ನಂಗೆ ಇನ್ನೇನೂ ಆಸೆ ಇಲ್ಲ" ಎಂದು ನನ್ನ ಸೈಕಲ್ ಅಂಗಡಿಯ ಮುಂದೆ ಹೇಳುತ್ತಿದ್ದರು. ನಾನು ಕೇಳುತ್ತಿದ್ದೆ, ಆದರೆ ಆ ಹೊತ್ತಿಗೆ ಯಾವುದಾದರೂ ಪಂಕ್ಚರ್ ಬರುತ್ತಿತ್ತು. ಬರದಿದ್ದರೆ ನಾನೇ ಮಾಡಿಕೊಳ್ಳುತ್ತಿದ್ದೆ.

ಕೂತು ಕೇಳುತ್ತಿದ್ದವರು ಅವರ ಹೆಂಡತಿ ದ್ಯಾವಮ್ಮ ಒಬ್ಬರೇ. ಎಲ್ಲಿ ಬೆಂಕಿ ಬಿದ್ದರೂ ಗಂಡನ ಜೊತೆ ಬಂದು, ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತು, ಹೂಂ ಹೂಂ ಎನ್ನುತ್ತಿದ್ದರು. ಪಾಪ, ಕಟ್ಟಿಕೊಂಡ ತಪ್ಪಿಗೆ ಕೇಳುತ್ತಾರೆ ಎಂದು ನಾವು ಮರುಗುತ್ತಿದ್ದೆವು. ಆಕೆ ಮರಿಗಂಗಯ್ಯನವರ ತಾಯಿಯ ಕಡೆಯ ದೂರದ ನೆಂಟರ ಹುಡುಗಿ ಎಂದು ಊರು ತಾನಾಗಿಯೇ ಅಂದುಕೊಂಡಿತ್ತು, ಅದಕ್ಕಿಂತ ಹೆಚ್ಚಿಗೆ ಯಾರೂ ಕೇಳಿರಲಿಲ್ಲ.

ಇಷ್ಟು ದಿನ ಸೇವೆ ಮಾಡಿದ್ದಾರೆ, ಅವರಿಗೊಂದು ಸನ್ಮಾನ ಮಾಡೋಣ ಎಂದು ಊರವರಿಗೆ ಅನಿಸಿತು. ಯೋಚನೆ ಒಳ್ಳೆಯದೇ. ಎಡವಟ್ಟಾದದ್ದು ಭಾಷಣದಲ್ಲಿ. ದಳದ ಕಚೇರಿಯ ಪಕ್ಕದಲ್ಲೇ ಹೋಟೆಲಿಟ್ಟಿರುವ ಪದ್ಮನಾಭಯ್ಯ ಮರಿಗಂಗಯ್ಯನವರನ್ನು ಮನಸಾರೆ ಪ್ರೀತಿಸುತ್ತಿದ್ದ ಮನುಷ್ಯ, ಅವರಿಂದ ಮೂರು ಸಲ ಹೋಟೆಲು ಉಳಿಸಿಕೊಂಡವನು. ಶಾಲು ಹೊದಿಸಿ, ಹಾರ ಹಾಕಿ, ಮೈಕು ಹಿಡಿದುಕೊಂಡ ಮೇಲೆ ಅವನಿಗೆ ಪ್ರೀತಿ ಉಕ್ಕಿ ಬಂದುಬಿಟ್ಟಿತು.

"ದೊಡ್ಡ ದೊಡ್ಡ ಊರಲ್ಲಿ ಬೆಂಕಿ ಆರಿಸೋಕೆ ಲಾರಿ ಇಟ್ಕೊಂಡಿದಾರೆ. ನಮಗೆ ಮರಿಗಂಗಯ್ಯನವರು ಬಾಯಿ ತೆಗೆದ್ರೆ ಸಾಕು" ಎಂದ. ಚಪ್ಪಾಳೆ ಬಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಕಣ್ಣೊರೆಸಿಕೊಂಡು ಮುಂದುವರಿಸಿದ. "ಇಂಥ ಕೊರೆತ ಈ ಸೀಮೆಯಲ್ಲೇ ಇಲ್ಲ ಕಣ್ರೀ! ಬೆಂಕಿಗೇ ಇನ್ನು ಈ ಜೀವ ಸಾಕಪ್ಪಾ ಅನ್ನಿಸಿಬಿಡುತ್ತೆ. ಇನ್ನು ನಮ್ಮಂಥೋರ ಪಾಡು ಏನು ಹೇಳಿ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ವೇದಿಕೆಯ ಮೇಲೆ ಹಚ್ಚಿಟ್ಟಿದ್ದ ದೀಪದ ಕುಡಿ ಮಾತ್ರ ನೆಟ್ಟಗೆ ಎದ್ದು ನಿಂತಿತು. ಅದನ್ನು ಎಲ್ಲರೂ ನೋಡಿದರು, ಮರಿಗಂಗಯ್ಯನವರೂ ನೋಡಿದರು. ಪದ್ಮನಾಭಯ್ಯ ತನ್ನ ನಾಲಗೆಯನ್ನು ತಾನೇ ಕಚ್ಚಿಕೊಂಡು ನಿಂತ.

ಮರಿಗಂಗಯ್ಯನವರು ನಮ್ಮ ಕಡೆ ತಿರುಗಿದರು. "ಹಂಗಾದ್ರೆ ನನ್ನ ಕಥೆ ಕೇಳಿ ಅದು ತಲೆ ಬಗ್ಗಿಸ್ತಿದ್ದಿದ್ದು ಗೌರವಕ್ಕಲ್ವಾ?"

ಸುಬ್ಬಕ್ಕ ಮಂಡಿ ನೀವಿಕೊಂಡಳು. ಇಮಾಮ್ ಸಾಬರು ಆಕಾಶ ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ. ಅವರು ಶಾಲು ತೆಗೆದು ನೀಟಾಗಿ ಮಡಿಸಿ ಕುರ್ಚಿಯ ಮೇಲಿಟ್ಟು, ಹಾರವನ್ನು ಅದರ ಮೇಲಿಟ್ಟು, ಇಳಿದು ಮನೆಗೆ ಹೋದರು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಮಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮನೆಗೆ ಹೋದವರು ದ್ಯಾವಮ್ಮನನ್ನು ಕೇಳಿದರಂತೆ, "ನಿಂಗೂ ಬೇಜಾರಾಗ್ತಿತ್ತಾ?" ಎಂದು. ಆಕೆ ಊಟಕ್ಕೇಳಿ ಎಂದರಂತೆ. ಅಷ್ಟೇ ಸಾಕಾಯಿತು. ಅಂದಿನಿಂದ ಮರಿಗಂಗಯ್ಯನವರು ಬಾಯಿಗೆ ಬೀಗ ಹಾಕಿಕೊಂಡರು. ಹಾಲಿನವನ ಜೊತೆ ಮಾತಿಲ್ಲ, ಹೆಂಡತಿಯ ಜೊತೆ ಮಾತಿಲ್ಲ, ನಮ್ಮ ಮುಖ ಕಂಡರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಅವರ ಮನೆಯ ಒಲೆ ಬರೀ ಹೊಗೆಯಾಡಿತು. ಊರಿನ ಉಳಿದ ಒಲೆಗಳ ಕಥೆಯೇ ಬೇರೆ. ಸನ್ಮಾನದ ಸುದ್ದಿ ಆಡದ ಅಡುಗೆಮನೆ ಇರಲಿಲ್ಲ, ಹಾಗಾಗಿ ಆ ವಾರವಿಡೀ ಊರಿನಲ್ಲಿ ಸೀಯದ ಅನ್ನವೂ ಇರಲಿಲ್ಲ.

ಆಗಬಾರದ್ದು ಆದದ್ದು ಪದ್ಮನಾಭಯ್ಯನ ಹೋಟೆಲಿನಲ್ಲೇ. ಮಧ್ಯಾಹ್ನದ ಬೋಂಡಾ ಬೇಯುವ ಹೊತ್ತು. ಬಾಣಲೆಯ ಮುಂದೆ ಅಡುಗೆಯವರು ಇದೇ ಮಾತೆತ್ತಿದರು. ಶಾಲು ಹೇಗೆ ಮಡಿಸಿದರು, ಯಾರ ಮುಖ ಹೇಗಾಯಿತು, ದ್ಯಾವಮ್ಮ ಒಳಗೊಳಗೇ ಅತ್ತರಂತೆ, ಇಲ್ಲ ನಕ್ಕರಂತೆ. ಒಲೆಯ ಬೆಂಕಿ ಮೊದಲು ಬಾಣಲೆಯ ಪಕ್ಕದಿಂದ ಇಣುಕಿತು. ಆಮೇಲೆ ಚೆನ್ನಾಗಿ ಕೇಳಿಸಲಿ ಎಂದು ಮೇಲೆದ್ದಿತು. ಗೋಡೆಗೆ ತೂಗುಹಾಕಿದ್ದ ಗೋಣಿ, ಅಲ್ಲಿಂದ ಸೂರು, ಅಲ್ಲಿಂದ ಅಟ್ಟದ ಸೌದೆ. ನಾವು ಗಂಟೆ ಬಾರಿಸಿ ಬರುವ ಹೊತ್ತಿಗೆ ಬೆಂಕಿ ನಮ್ಮ ಕಚೇರಿಯ ಹುಲ್ಲಿನ ಕಡೆಗೂ ಕೈಚಾಚುತ್ತಿತ್ತು. ಅದರಾಚೆ ಮನೆಗಳ ಸಾಲು.

ಮೊದಲು ಇಮಾಮ್ ಸಾಬರು ಸ್ಟೂಲು ಹತ್ತಿದರು. "ನಿನ್ನೆ ಕನಸಲ್ಲಿ ನಾನೊಂದು ಮೇಜು ನೋಡಿದೆ. ಅದರ ಮೇಲೆ ಏನೂ ಇರಲಿಲ್ಲ. ಬಹಳ ಹೊತ್ತು ನೋಡಿದೆ. ಆಗಲೂ ಏನೂ ಇರಲಿಲ್ಲ." ಒಳ್ಳೆಯ ಆರಂಭ, ಬೆಂಕಿ ತೂಕಡಿಸಿತು ಕೂಡ. ಅಷ್ಟರಲ್ಲಿ ಗುಂಪಿನಲ್ಲಿ ಯಾರೋ "ಮರಿಗಂಗಯ್ಯ ಬರ್ತಾರಾ?" ಎಂದು ಪಿಸುಗುಟ್ಟಿದರು, "ಅವಮಾನ ಆದ್ಮೇಲೆ ಯಾರು ಬರ್ತಾರೆ" ಎಂದು ಇನ್ನೊಬ್ಬರು. ಬೆಂಕಿ ಧಡಕ್ಕನೆ ಎದ್ದು ಕೂತಿತು. ಸುಬ್ಬಕ್ಕ ಎಡಮಂಡಿ ಮುಗಿಸಿ ಬಲಮಂಡಿಗೆ ಬಂದರೂ ಪ್ರಯೋಜನವಾಗಲಿಲ್ಲ. ನಾನು ಫ್ರೀವೀಲಿನ ಬಗ್ಗೆ ಹೇಳಿದೆ. ಜನ ಇನ್ನಷ್ಟು ಜೋರಾಗಿ ತಮ್ಮತಮ್ಮಲ್ಲೇ ಮಾತಾಡತೊಡಗಿದರು, ಯಾಕೋ ತಿಳಿಯಲಿಲ್ಲ. ಪದ್ಮನಾಭಯ್ಯ ಬಂದು ನನ್ನ ಕೈ ಹಿಡಿದುಕೊಂಡು, "ಕರ್ಕೊಂಡು ಬಾರಯ್ಯಾ, ಕಾಲಿಗೆ ಬೀಳ್ತೀನಿ ಅಂತ ಹೇಳು" ಎಂದ.

ನಾನು ಓಡಿದೆ. ಮರಿಗಂಗಯ್ಯನವರು ಜಗಲಿಯಲ್ಲಿ ಹೊಗೆ ನೋಡುತ್ತ ನಿಂತಿದ್ದರು. ಅವರ ಕಾಲು ಕೆಳಗಿನ ಮೆಟ್ಟಿಲಿಗೆ ಬಂದಿತ್ತು, ಮನಸ್ಸು ಬಂದಿರಲಿಲ್ಲ.

"ನಾನು ಬರಾಕಿಲ್ಲ" ಎಂದರು. ವಾರದ ನಂತರ ಆಡಿದ ಮೊದಲ ಮಾತು. "ಬಂದು ಏನ್ ಮಾಡ್ಲಿ? ಇಷ್ಟು ದಿನ ನಾನು ಕಥೆ ಹೇಳ್ತಿದೀನಿ ಅನ್ಕೊಂಡು ಹೇಳ್ತಿದ್ದೆ. ಈಗ ಬೇಜಾರು ಮಾಡ್ಸೋಕೆ ಅಂತ ಹೆಂಗಯ್ಯಾ ಹೇಳ್ಲಿ? ನಂಗೆ ನಾಚ್ಕೆ ಆಯ್ತದೆ."

ಒಳಗಿನಿಂದ ದ್ಯಾವಮ್ಮ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ನೀವು ಬೆಂಕಿಗೆ ಹೇಳ್ಬ್ಯಾಡಿ" ಎಂದರು. "ಊರೋರ್ಗೂ ಹೇಳ್ಬ್ಯಾಡಿ. ನಂಗೆ ಹೇಳಿ, ಬನ್ನಿ."

"ನಿಂಗೂ ಬೇಜಾರೇ ಅಲ್ವಾ?"

"ಬೇಜಾರಾಗಿದ್ರೆ ಯಾವತ್ತೋ ಎದ್ದು ಹೋಗಿರ್ತಿದ್ದೆ. ಏಳಿ."

ಆಕೆ ಗಂಡನ ಕೈ ಹಿಡಿದುಕೊಂಡು ನಡುಬೀದಿಯಲ್ಲಿ ನಡೆಸಿಕೊಂಡು ಬಂದರು. ಇಂಥದ್ದನ್ನು ನಮ್ಮೂರು ನೋಡಿರಲಿಲ್ಲ, ಜನ ಬಾಯಿ ಬಿಟ್ಟುಕೊಂಡು ನಿಂತರು, ಅದರಿಂದಾಗಿ ಸುಮ್ಮನಾದರು. ದ್ಯಾವಮ್ಮ ಬೆಂಕಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತರು. ಮರಿಗಂಗಯ್ಯನವರು ಎದುರಿಗೆ ಸ್ಟೂಲಿನ ಮೇಲೆ ಕೂತರು. "ಅವತ್ತು ಗಾಡಿ ಕಟ್ದಾಗ..." ಎಂದು ನಿಲ್ಲಿಸಿದರು. ಬೆಂಕಿ ಕಿವಿ ನಿಮಿರಿಸಿತು. ದ್ಯಾವಮ್ಮ ಹೂಂ ಎಂದರು. "ಎಡಗಡೆ ಕಟ್ಬೇಕಾದ ಎತ್ತು ಬಲಗಡೆ ಇತ್ತು." ಹೂಂ. ಎತ್ತುಗಳು ಅದಲುಬದಲಾದವು, ಗಾಡಿ ಹೊರಟಿತು, ದಾರಿಯಲ್ಲಿ ಒಂದು ಕಡೆ ನೆರಳಿತ್ತು, ಇನ್ನೊಂದು ಕಡೆ ಅಷ್ಟು ನೆರಳಿರಲಿಲ್ಲ. ಹೋಗುತ್ತ ಹೋಗುತ್ತ ಅವರು ಬೆಂಕಿಯನ್ನು ಮರೆತರು, ನಮ್ಮನ್ನು ಮರೆತರು. ಹೆಂಡತಿಯ ಮುಖ ನೋಡಿಕೊಂಡು ಮೂರು ಒರಳುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು.

ಹೋಟೆಲಿನ ಸೂರಿನ ಬೆಂಕಿ ಎರಡನೆಯ ಒರಳಿಗೆ ಬಾಗಿತು. ಮೂರನೆಯದಕ್ಕೆ ಅಟ್ಟದ ಸೌದೆ ಕಪ್ಪಾಯಿತು. ಕಲ್ಲನ್ನು ಗಾಡಿಗೇರಿಸಿ ಹಗ್ಗ ಬಿಗಿದು ಹೊಳೆ ದಂಡೆಗೆ ಬರುವಾಗ ದೊಡ್ಡ ಬೆಂಕಿಯೆಲ್ಲ ಆರಿ, ನಮ್ಮ ಕಚೇರಿಯ ಹುಲ್ಲಿನ ಅಂಚಿನಲ್ಲಿ ನಾಲ್ಕು ಕೆಂಡ ಮಾತ್ರ ಕಣ್ಣು ಮುಚ್ಚಿ ತೆರೆಯುತ್ತಿದ್ದವು. ಪದ್ಮನಾಭಯ್ಯ ನಿಟ್ಟುಸಿರು ಬಿಟ್ಟ. ಜನ ಎಂದಿನಂತೆ ಚಡ್ಡಿ ಪಂಚೆ ಕೊಡವಿಕೊಂಡು ಎದ್ದರು.

ಮರಿಗಂಗಯ್ಯನವರು ಮಾತು ನಿಲ್ಲಿಸಿ ಅವರ ಬೆನ್ನುಗಳನ್ನು ನೋಡಿದರು. ಅವರ ಮುಖ ನೋಡಿ ನನಗೆ ನಿಜಕ್ಕೂ ಅಳು ಬಂತು.

"ಎಲ್ಲಿಗೆ ಹೊರಟ್ರಿ ಎಲ್ರೂ?" ಎಂದರು ದ್ಯಾವಮ್ಮ. ಆಕೆಯ ದನಿ ಅಷ್ಟು ದೊಡ್ಡದೆಂದು ನಮಗೆ ಗೊತ್ತಿರಲಿಲ್ಲ, ನನ್ನದಕ್ಕಿಂತ ದೊಡ್ಡದು. "ಕೂತ್ಕೊಳ್ಳಿ. ಕಥೆ ಇನ್ನೂ ಮುಗಿದಿಲ್ಲ." ಜನ ನಿಂತರು. ಆಕೆ ಗಂಡನ ಕಡೆ ತಿರುಗಿದರು. "ನಾನೂ ಇದ್ನಲ್ಲ ಆ ಗಾಡೀಲಿ. ಅದನ್ನ ಹೇಳಿ."

ಮರಿಗಂಗಯ್ಯನವರು ಬೆಚ್ಚಿದರು. "ಹೇಳ್ಬ್ಯಾಡ ಅಂದಿದ್ದೆ ನೀನು."

"ಆಗ ಅಂದಿದ್ದೆ. ಆಗ ನಮ್ಮಣ್ಣಂದಿರು ಬದುಕಿದ್ರು. ಈಗ ಹೇಳಿ ಅಂತಿದೀನಿ."

ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಅವರು ಹೇಳಿದರು. ಹೊಳೆಯಲ್ಲಿ ಗಾಡಿ ಇಳಿಸಿದಾಗ ಚಕ್ರ ಹೂತಿತ್ತು. ಕಲ್ಲು ಇಷ್ಟು ಭಾರವಿರಲಿಲ್ಲವಲ್ಲ ಎಂದು ಇವರು ತಮಗೆ ತಾವೇ ಅಂದುಕೊಂಡಾಗ ಗಾಡಿಯೊಳಗಿನ ಹುಲ್ಲು, ನಾನೂ ಇದೀನಿ ಎಂದಿತ್ತು. ಕೆದರಿ ನೋಡಿದರೆ ಅರಿಸಿನ ಹಚ್ಚಿಕೊಂಡ ಒಬ್ಬ ಹುಡುಗಿ, ಕಲ್ಲಿನ ಪಕ್ಕದಲ್ಲಿ ಕಲ್ಲಿನ ಹಾಗೆಯೇ ಮುದುರಿಕೊಂಡಿದ್ದಳು. ಮಾರನೆಯ ದಿನ ಅವಳ ಮದುವೆ. ಗಂಡಿಗೆ ಅವಳ ಅಪ್ಪನ ವಯಸ್ಸು. ಅವಳು ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ದಂಡೆಯ ಮೇಲೆ ದೊಣ್ಣೆ ಹಿಡಿದ ಅಣ್ಣಂದಿರು ಬಂದು ನಿಂತಿದ್ದರು. ಇವರು ಹುಲ್ಲು ಮುಚ್ಚಿದರು. ಅಣ್ಣಂದಿರು ನೀರಿಗಿಳಿದು ಬಂದು ಗಾಡಿಯ ಅಡ್ಡಪಟ್ಟಿ ಹಿಡಿದುಕೊಂಡರು. ಎಲ್ಲಿಂದ ಬರ್ತಿದೀಯಾ, ಗಾಡೀಲಿ ಏನೈತೆ, ಹೇಳು ಎಂದರು.

"ನಂಗೆ ಸುಳ್ಳು ಹೇಳಾಕೆ ಬರಾಕಿಲ್ಲ" ಎಂದರು ಮರಿಗಂಗಯ್ಯನವರು. "ಏನೈತೆ ಅಂದ್ರೆ ಒಳ್ಗಿರೋದನ್ನೆಲ್ಲ ಹೇಳ್ಬೇಕಾಗ್ತದೆ. ಅದ್ಕೇ ಮೊದ್ಲಿಂದ ಶುರು ಮಾಡ್ದೆ. ಅವತ್ತು ಗಾಡಿ ಕಟ್ದಾಗ ಎಡಗಡೆ ಕಟ್ಬೇಕಾದ ಎತ್ತು ಬಲಗಡೆ ಇತ್ತು ಅಂದೆ."

ಇಮಾಮ್ ಸಾಬರ ಕೈಯಿಂದ ಚೊಂಬು ಬಿತ್ತು. ಕಚೇರಿಯ ಹುಲ್ಲಿನ ಕೆಂಡಗಳು ಪೂರ್ತಿ ಕಣ್ಣು ತೆರೆದಿದ್ದವು. ಪಟಕ್ಕನೆ ಒಂದು ನಾಲಗೆ ಎದ್ದಿತು, ಅದರ ಪಕ್ಕ ಇನ್ನೊಂದು. ನಾನು ನೋಡಿದೆ, ದಳದವನಾಗಿ ನಾನು ಹೇಳಲೇಬೇಕಿತ್ತು. "ಯಜಮಾನ್ರೇ, ಬೆಂಕಿ ಏಳ್ತಿದೆ, ನಿಲ್ಸಿ" ಎಂದೆ.

ಅವರು ತಿರುಗಿ ನೋಡಿದರು. ಚಾವಣಿಯ ಉದ್ದಕ್ಕೂ ಬೆಂಕಿ ಎದ್ದು ಅವರ ಕಡೆಗೆ ವಾಲಿ ನಿಂತಿತ್ತು.

"ಏಳ್ಲಿ ಬಿಡು" ಎಂದರು. "ಕೇಳಾಕೆ ಬಂದೈತೆ."

ಮುಂದುವರಿಸಿದರು. ಅಣ್ಣಂದಿರು ಮೊದಲನೆಯ ಒರಳಿನವರೆಗೆ ಹಲ್ಲು ಕಚ್ಚಿಕೊಂಡು ನಿಂತಿದ್ದರು. ಎರಡನೆಯದಕ್ಕೆ ಒಬ್ಬ ಆಕಳಿಸಿದ. ಮೂರನೆಯದಕ್ಕೆ ದೊಡ್ಡಣ್ಣ ತಲೆ ಚಚ್ಚಿಕೊಂಡು, ಹೋಗೋ ಮಾರಾಯಾ, ನಿನ್ನ ಕಲ್ಲನ್ನ ನೀನೇ ಇಟ್ಕೋ ಎಂದು ಗಾಡಿಯ ಅಡ್ಡಪಟ್ಟಿ ಬಿಟ್ಟ. ಅವರು ದಂಡೆ ಹತ್ತಿ ಮರೆಯಾದ ಮೇಲೂ ಇವರು ಹೆದರಿಕೆಗೆ ನಿಲ್ಲಿಸದೆ ಹೇಳುತ್ತಲೇ ಇದ್ದರಂತೆ. ಹುಲ್ಲಿನೊಳಗಿಂದ ಹೂಂ ಹೂಂ ಎಂದು ಕೇಳಿಸುತ್ತಿತ್ತಂತೆ.

ದ್ಯಾವಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಕಲ್ಲು ಹೊಳೆ ದಾಟಿತು, ಏರು ಹತ್ತಿತು, ಮನೆ ಸೇರಿತು. ನಮ್ಮ ಕಚೇರಿ ಬೋರ್ಡು ಗಂಟೆಗಳ ಸಮೇತ ಧೊಪ್ಪೆಂದು ಕುಸಿಯಿತು, ಅದರಾಚೆಗೆ ಬೆಂಕಿ ಹೋಗಲಿಲ್ಲ, ಕಥೆ ಬಿಟ್ಟು ಹೋಗುವ ಮನಸ್ಸು ಅದಕ್ಕೂ ಇರಲಿಲ್ಲವೋ ಏನೋ. ದಳದ ಉಳಿದ ಮೂವರೂ ಅಲ್ಲೇ ಇದ್ದೆವು, ಒಬ್ಬರಿಗೂ ಬಾಯಿ ತೆರೆಯಬೇಕೆಂದು ಹೊಳೆಯಲಿಲ್ಲ.

ಮರುದಿನ ಸಭೆ ಸೇರಿ ಮರಿಗಂಗಯ್ಯನವರನ್ನು ದಳದಿಂದ ತೆಗೆದುಹಾಕಿದೆವು. ಬೇರೆ ದಾರಿಯಿರಲಿಲ್ಲ. ಈಗ ಅವರು ಎತ್ತುಗಳ ಮಾತೆತ್ತಿದರೆ ಸಾಕು, ಆ ಗಾಡಿಗೆ ಇನ್ನು ಯಾರು ಹತ್ತುತ್ತಾರೆ ಎಂದು ಊರಿಗೂ ಗೊತ್ತು, ಬೆಂಕಿಗೂ ಗೊತ್ತು. ಅಂಥವರನ್ನು ಬೆಂಕಿಯ ಹತ್ತಿರ ಬಿಡುವುದುಂಟೇ? ನಿರ್ಣಯವನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ಗಂಭೀರವಾಗಿ ಕೇಳಿಸಿಕೊಂಡು, "ಇನ್ನೊಂದ್ಸಲ ಓದು" ಎಂದರು. ಓದಿದೆ. "ಜೋರಾಗಿ" ಎಂದರು. ಬೀದಿಯ ತುದಿಯವರೆಗೂ ಕೇಳಿಸುವಂತೆ ಓದಿದೆ. ಮರಿಗಂಗಯ್ಯನವರು ಹೆಂಡತಿಯ ಮುಖ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.